ಬೇಳೆ ಬೇಯುವ ಓಣಿ

ಹೋದ ವಾರ ಮೊಮ್ಮಗಳು ರೂಪಾ ತನ್ನ ಗಂಡನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಮನೆ ಹುಡುಕುತ್ತಿದ್ದಾರೆ. ಮಕ್ಕಳಾಗುವ ಮೊದಲೇ ಒಳ್ಳೆಯ ಬಡಾವಣೆ ನೋಡಿ ಕೂತುಬಿಡಬೇಕೆಂದು ಇಬ್ಬರಿಗೂ ಅವಸರ. ಒಂದು ಹಾಳೆಯಲ್ಲಿ ಬಡಾವಣೆಗಳ ಹೆಸರು ಬರೆದು, ಸಾಲೆ ಎಷ್ಟು ದೂರ, ದವಾಖಾನೆ ಎಷ್ಟು ದೂರ, ಗಟಾರು ಮುಚ್ಚಿದೆಯೋ ಇಲ್ಲವೋ ಎಂದು ಒಂದೊಂದರ ಎದುರಿಗೆ ಗುರುತು ಹಾಕಿಕೊಂಡಿದ್ದರು. ಅಷ್ಟರಲ್ಲಿ ಒಳಗೆ ತೊಗರಿ ಬೇಳೆ ಉಕ್ಕಿತು. ಕುಕ್ಕರಿನ ಸೀಟಿ ಕೆಟ್ಟಿತ್ತೆಂದು ಸೊಸೆ ತೆರೆದ ಪಾತ್ರೆಯಲ್ಲಿ ಇಟ್ಟಿದ್ದಳು. ಉಕ್ಕಿದ ಬೇಳೆಯ ವಾಸನೆ ಪಡಸಾಲೆಗೆ ಬಂದದ್ದೇ ತಡ, ನಾನು ಕೇಳಿಬಿಟ್ಟೆ:

"ಅಲ್ಲಿ ನೀರಾಗ ಬ್ಯಾಳಿ ಬೇಯ್ತಾವೇನ?"

ಇಬ್ಬರೂ ನಕ್ಕರು. "ಅಜ್ಜೀ, ಈಗ ಎಲ್ಲಾ ನೀರಾಗೂ ಬೇಯ್ತಾವ" ಅಂದಳು ರೂಪಾ.

ನಗಲಿ. ನಾನೂ ಒಂದು ಕಾಲಕ್ಕೆ ಊರು ಬಿಟ್ಟು ಊರಿಗೆ ಹೋಗಿ, ತೊಟ್ಟಿಲು ಕಟ್ಟುವ ಮೊದಲು ಓಣಿ ಆರಿಸಿದವಳು. ನನ್ನ ಹತ್ತಿರ ಹಾಳೆ ಇರಲಿಲ್ಲ, ಉಡಿಯಲ್ಲಿ ಬೇಳೆ ಇತ್ತು. ಆ ವರ್ಷದ ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ನನಗಿದ್ದ ಉಮೇದು ಆಮೇಲೆ ಮದುವೆ ಮುಂಜಿ ಯಾವುದರಲ್ಲೂ ಬರಲಿಲ್ಲ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ ಅದು. ನನಗೆ ಹತ್ತೊಂಬತ್ತೋ ಇಪ್ಪತ್ತೋ. ಹಿರೇಕೆರೂರು ತಾಲೂಕಿನ ಹಂಸಭಾವಿ ನನ್ನ ಗಂಡನ ಮನೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಗಂಡನ ಜೊತೆ ಇದ್ದದ್ದು ಎಲ್ಲ ಕೂಡಿಸಿದರೆ ಮೂರು ತಿಂಗಳು ಆಗಲಿಕ್ಕಿಲ್ಲ. ನಮ್ಮ ಮನೆಯವರು ಎಂಜಿನ್ ಕೆಲಸದವರು. ಹಾನಗಲ್ಲಿನಲ್ಲಿ ಒಂದು ಹಿಟ್ಟಿನ ಗಿರಣಿಯಲ್ಲಿ ಎಣ್ಣೆ ಎಂಜಿನ್ ನಡೆಸುತ್ತಿದ್ದರು. ಅಲ್ಲೇ ಜೋಳದ ಚೀಲದ ಮೇಲೆ ಮಲಗುವುದು, ಅಮಾವಾಸ್ಯೆಗೆ ಊರಿಗೆ ಬರುವುದು. ಬಂದಾಗ ರೆಪ್ಪೆಯ ಮೇಲೂ ಹಿಟ್ಟು.

ಮಕ್ಕಳು ಯಾಕಿಲ್ಲ ಎಂದು ಊರವರು ಕೇಳುತ್ತಿದ್ದರು. ಬೇಡ ಅಂದವಳು ನಾನೇ. ಅದಕ್ಕೆ ಕಾರಣ ಇತ್ತು. ಹಂಸಭಾವಿಯ ನಮ್ಮ ಮನೆಗೆ ನೀರು ದೂರ. ಎರಡು ಹೊಲ, ಒಂದು ಹಳ್ಳ ದಾಟಿ ಹೋಗಬೇಕು. ನನ್ನ ನೆಗೆಣ್ಣಿ, ಭಾವನ ಹೆಂಡತಿ ಗಂಗಕ್ಕ ಐದು ತಿಂಗಳ ಬಸುರಿ, ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ ಹೊತ್ತು ಬರುವಾಗ ಹಳ್ಳದ ಕೆಸರಿನಲ್ಲಿ ಜಾರಿದಳು. ಕೊಡ ಉಳಿದವು. ನಾನು ಹಿಂದೆಯೇ ಬರುತ್ತಿದ್ದೆ. ಅಲ್ಲಿ ಆದದ್ದನ್ನು ಬರೆಯುವುದಿಲ್ಲ. ಮರುದಿನ ನೀರಿಗೆ ಮತ್ತೆ ಯಾರಾದರೂ ಹೋಗಲೇಬೇಕಿತ್ತು, ನಾನು ಹೋದೆ. ಆ ಅಮಾವಾಸ್ಯೆಗೆ ಗಂಡ ಬಂದಾಗ ಹೇಳಿದೆ:

"ಕೈ ಚಾಚಿದರ ನೀರು ಸಿಗೋ ಮನಿ ಮಾಡ್ರಿ. ಅಲ್ಲೀತನಕ ನಾ ತೊಟ್ಟಿಲು ಕಟ್ಟಂಗಿಲ್ಲ."

"ಅದು ನಿನ್ನ ಕೈಯಾಗ ಐತೇನ?" ಅಂದರು.

"ಅರ್ಧ ಐತಿ" ಅಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಎಂಜಿನ್ನಿನ ಮಾತು ಕೇಳುವ ಮನುಷ್ಯ, ಮಂದಿಯ ಮಾತಿಗೆ ಲಗು ಉತ್ತರ ಕೊಡುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಅವರಿಗೆ ಎರಡು ಕಡೆಯಿಂದ ಕರೆ ಬಂತು. ಒಂದು ಶಿಗ್ಗಾವಿಯ ಗಿರಣಿ, ಒಂದು ಸವಣೂರಿನದು. ಶಿಗ್ಗಾವಿಯ ಮಾಲಕರು ಬ್ರಹ್ಮಚಾರಿಗಳನ್ನೇ ಇಟ್ಟುಕೊಳ್ಳುತ್ತಾರಂತೆ, ಮನೆ ಮಾಡಲು ಬಿಡರಂತೆ. ಸವಣೂರಿನವರು, "ಹೆಂಡತೀನ ಕರಕೊಂಡು ಬಾ. ಹೊಟ್ಟಿ ತುಂಬಿದವನ ಕೈಯಾಗ ಎಂಜಿನ್ ಚಲೋ ನಡೀತೈತಿ" ಅಂದರಂತೆ. ಊರು ಅಲ್ಲಿಗೆ ನಿಕ್ಕಿಯಾಯಿತು. ಉಳಿದದ್ದು ಓಣಿ.

ಅತ್ತೆ ಸುಮ್ಮನೆ ಬಿಡುವ ಹೆಂಗಸಲ್ಲ. ಒಲೆಯ ಮುಂದೆ ಕೂತು ಕೊಳವೆಯಿಂದ ಊದುತ್ತಲೇ ಹೇಳಿದಳು:

"ಹೋಗು ಗೌರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಮಂದಿ ಓಣಿಯಾಗ ಮನಿ ಮಾಡು. ದೀಪಾವಳಿಗೆ ನಾ ಬರ್ತೇನಿ. ಅಲ್ಲಿ ನೀರಾಗ ಕಡಲಿಬ್ಯಾಳಿ ಬೇಸಿ ಹೂರಣ ರುಬ್ಬಿ ಹೋಳಿಗಿ ಹಾಕು. ಹೂರಣದಾಗ ಒಂದ ಒಂದು ಕಾಳು ನನ್ನ ಹಲ್ಲಿಗೆ ಸಿಕ್ತೋ, ಗಂಟು ಕಟ್ಟು. ಅವ ಅಲ್ಲಿ, ನೀ ಇಲ್ಲಿ. ಬ್ಯಾಳಿ ಬೇಯದ ನೀರು ಕುಡಿದು ಬಸುರಿ ಆದಾಕಿ ಉಳಿಯಂಗಿಲ್ಲ."

"ಹೂಂ ಅತ್ತಿ" ಅಂದೆ. ಮನಸ್ಸು ಆಗಲೇ ಸವಣೂರಿನ ಓಣಿಗಳಲ್ಲಿತ್ತು. ನಾನೇ ನೋಡಿ, ನಾನೇ ಆರಿಸುವುದು! ನನ್ನ ಗಂಡನನ್ನೂ ನಾನು ಆರಿಸಿರಲಿಲ್ಲ.

ಗಣಪತಿ ಹಬ್ಬ ಮುಗಿಸಿ ಹೊರಟೆವು. ದಾರಿಯಲ್ಲಿ ತಿಳವಳ್ಳಿಯ ತವರಿನಲ್ಲಿ ಒಂದು ದಿನ ನಿಂತೆ. ನಮ್ಮವ್ವನ ತಂಗಿಯನ್ನು ಬೇಳೆ ಬೇಯದ ಸವುಳು ನೀರಿನ ಊರಿಗೆ ಕೊಟ್ಟಿದ್ದರು, ಅವಳ ಪಾಡು ಅವ್ವನಿಗೆ ಗೊತ್ತಿತ್ತು. ಅವ್ವ ನನ್ನ ಉಡಿಗೆ ಎರಡು ಬೊಗಸೆ ತೊಗರಿ ಬೇಳೆ ಹಾಕಿ ಗಂಟು ಬಿಗಿದಳು. "ನೀರು ನೋಡಿದ್ರ ಗೊತ್ತಾಗಂಗಿಲ್ಲ, ಕುಡಿದ್ರೂ ಪೂರಾ ಗೊತ್ತಾಗಂಗಿಲ್ಲ. ಮನಿ ನೋಡಾಕ ಹೋದಲ್ಲೆ ಒಂದು ಹಿಡಿ ಬೇಸಿ ನೋಡು. ಮಂದಿ ನಕ್ಕರ ನಗಲಿ" ಅಂದಳು.

ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಬಂಕಾಪುರದ ಮೇಲೆ ಸವಣೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಮಳೆ. ಬಸ್ಸಿನ ಮೇಲೆ ಕಟ್ಟಿದ ನನ್ನ ಟ್ರಂಕಿನ ಬಣ್ಣ ಇಳಿದು ಕಿಟಕಿಯ ಮೇಲೆ ಹಸಿರು ನೀರು ಹರಿಯುತ್ತಿತ್ತು. ನಾನು ಆ ಹಸಿರು ನೀರಿನಾಚೆಗೆ ಸವಣೂರು ನೋಡಿದೆ. ಎಷ್ಟು ಓಣಿ! ಒಂದು ಓಣಿಯಲ್ಲಿ ಖಾರ ಕರಿಯುವ ವಾಸನೆ, ಇನ್ನೊಂದರಲ್ಲಿ ಹಸಿ ಎಲೆಯ ವಾಸನೆ, ಮತ್ತೊಂದರಲ್ಲಿ ಕುದುರೆ ಲದ್ದಿ. ನನಗೆ ಎಲ್ಲದರಲ್ಲೂ ಒಂದೊಂದು ದಿನ ಇರಬೇಕು ಅನಿಸಿತು.

ಗಿರಣಿಯ ಉಗ್ರಾಣದ ಮೂಲೆಯಲ್ಲಿ ಟ್ರಂಕು ಇಟ್ಟು ಮರುದಿನವೇ ಹೊರಟೆವು. ನಮ್ಮ ಮನೆಯವರದೂ ಒಂದು ಕರಾರು ಇತ್ತು.

"ನಾ ಊಟಕ್ಕ ಬಂದಾಗ ಎಂಜಿನ್ ಸಪ್ಪಳ ಕಿವಿಗೆ ಬೀಳಬೇಕು. ಗಾಲಿ ತಿರುಗಿಸೋ ಪಟ್ಟಾ ಸಡಿಲಾದ್ರ ಸಪ್ಪಳ ಬದಲಾಗತೈತಿ. ಆವಾಗ ನಾ ಓಡಬೇಕು. ಇಲ್ಲಾಂದ್ರ ಯಾರದರ ಕೈ ಹೋಗತೈತಿ."

ಅಂದರೆ ಅತ್ತೆಗೆ ನಮ್ಮ ಮಂದಿ ಬೇಕು, ಗಂಡನಿಗೆ ಸಪ್ಪಳ ಬೇಕು, ನನಗೆ ನೀರು ಬೇಕು. ಒಂದೇ ಮನೆಯಲ್ಲಿ ಮೂರೂ ಸಿಗಬೇಕು.

ಮೊದಲು ನೋಡಿದ್ದು ಗಿರಣಿಯ ಎದುರಿನ ಓಣಿ. ಸಪ್ಪಳಕ್ಕೆ ಅಲ್ಲಿ ಬರವಿಲ್ಲ. ಗೂಡಿನಲ್ಲಿಟ್ಟ ಗಂಗಾಳ ತಾನೇ ನಡೆದು ಬಂದು ಕೆಳಗೆ ಬೀಳುತ್ತಿತ್ತು. ಮನೆಯಾಕೆಗೆ ಬೇಳೆ ವಿಷಯ ಹೇಳಿದೆ. ಪಾಪ, ಒಲೆ ಬಿಟ್ಟುಕೊಟ್ಟಳು. ಕುದಿಯಿತು, ಕುದಿಯಿತು, ಅವಳ ಕಟ್ಟಿಗೆ ತೀರಿತು, ಬೇಳೆ ಹಾಗೇ ಇತ್ತು.

"ಎಂಥಾ ಬ್ಯಾಳಿ ತಂದೀಯವಾ ತಂಗಿ? ಕಲ್ಲೇನಿವು?" ಅಂದಳು.

"ಬ್ಯಾಳಿ ಚಲೋ ಅದಾವ್ರಿ. ನಿಮ್ಮ ನೀರ ಕಲ್ಲದಾವ" ಅಂದೆ.

ಅಲ್ಲಿಗೆ ಆ ಓಣಿ ಮುಗಿಯಿತು. ಹೊರಗೆ ಬಂದ ಮೇಲೆ ಗಂಡ, "ನಿನ್ನ ನಾಲಿಗಿ ಒಂದಿಷ್ಟು ಮನ್ಯಾಗ ಬಿಟ್ಟು ಬರಬೇಕಿತ್ತು" ಅಂದರು. "ಮನಿ ಎಲ್ಲೈತ್ರಿ ಬಿಟ್ಟು ಬರಾಕ?" ಅಂದೆ. ಮೊದಲ ಸಲ ಗಂಡ ಬಾಯಿಬಿಟ್ಟು ನಕ್ಕದ್ದು ನೋಡಿದೆ. ಹಲ್ಲಿನಲ್ಲೂ ಹಿಟ್ಟು.

ಎರಡನೆಯ ದಿನ ವೀಳ್ಯದೆಲೆ ತೋಟದ ಕಡೆ ಹೋದೆವು. ದೊಡ್ಡ ಹುಣಸೆ ಮರಗಳನ್ನು ದಾಟಿ ಇನ್ನೂ ಮುಂದೆ. ಹೆಸರಷ್ಟೇ ಹುಣಸೆ, ಆ ಮರಗಳು ಆನೆಯ ಹೊಟ್ಟೆಯ ಹಾಗಿವೆ. ಒಂದು ಸುತ್ತು ಹಾಕಿ ಬರೋಣ ಅಂದೆ, ಅವರಿಗೆ ಹೊತ್ತಿರಲಿಲ್ಲ. ತೋಟದ ನೀರಿನಲ್ಲಿ ಬೇಳೆ ಬೆಂದವು, ನಿಜ. ಆದರೆ ಸುತ್ತ ಬರೀ ಎಲೆಬಳ್ಳಿ. ಎಂಜಿನ್ ಸಪ್ಪಳ ಇಲ್ಲ, ಮನುಷ್ಯರ ಸಪ್ಪಳವೂ ಇಲ್ಲ. ಬಾವಿಯೂ ಮನೆಯಿಂದ ಒಂದು ತೋಟದಷ್ಟು ದೂರ. ಅದಕ್ಕೆ ಹಂಸಭಾವಿಯೇ ಸಾಕಿತ್ತು.

ಮೂರನೆಯ ದಿನ ನೀಲವ್ವನ ಮನೆ ಸಿಕ್ಕಿತು. ನಮ್ಮ ಮಂದಿಯ ಓಣಿ, ಹೆಂಚಿನ ಮನೆ, ಹಿತ್ತಲಲ್ಲೇ ಬಾವಿ. ಗಾಳಿ ಈ ಕಡೆ ಬೀಸಿದರೆ ಎಂಜಿನ್ ಸಪ್ಪಳ ತೆಳ್ಳಗೆ ಕೇಳುತ್ತಿತ್ತು. ನೀಲವ್ವ ವಿಧವೆ, ಬಾಯಿ ಜೋರು, ಮನಸ್ಸು ಚಲೋ. ಜಡಿಮಳೆ ಹಿಡಿದಿತ್ತು. ಹಿತ್ತಲಿಗೆ ಹೋಗಿ ಸೇದಲು ಮನಸ್ಸಾಗಲಿಲ್ಲ. ಕಟ್ಟೆಯ ಮೇಲೆ, ಸೂರಿನ ಕೆಳಗೆ, ತುಂಬಿದ ಹಂಡೆ ಇತ್ತು. ಅದರಲ್ಲೇ ಒಂದು ತಂಬಿಗೆ ಮೊಗೆದು ಒಲೆಗಿಟ್ಟೆ.

ನೀಲವ್ವ ಒಂದು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟು, ಜಗಿದು ಉಗುಳಿ ಬರುವಷ್ಟರಲ್ಲಿ ಬೇಳೆ ಬೆಂದಿತ್ತು. ಬೆಂದಿತ್ತು ಅಂದರೆ ಹೇಗೆ, ಬೆರಳಿಗೆ ತಾಗಿದರೆ ಬೆಣ್ಣೆ! ಒಂದು ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡು ಮಳೆಯಲ್ಲೇ ಗಿರಣಿಗೆ ಓಡಿದೆ. ಸೆರಗು ಎಲ್ಲಿ, ನಾನೆಲ್ಲಿ. ಗಿರಣಿಯ ಸಪ್ಪಳದಲ್ಲಿ ನನ್ನ ಮಾತು ಅವರಿಗೆ ಕೇಳಲಿಲ್ಲ. ಅಂಗೈ ತೋರಿಸಿದೆ. ಮಳೆ ನೀರಿಗೆ ಕಾಳು ಅಷ್ಟರಲ್ಲಿ ಕರಗಿಯೇ ಹೋಗಿತ್ತು. ಅವರು ಖಾಲಿ ಅಂಗೈ ನೋಡಿ, ನನ್ನ ಮುಖ ನೋಡಿ, ಗೋಣು ಹಾಕಿದರು.

ಪಕ್ಷಮಾಸದಲ್ಲಿ ಹೊಸ ಮನೆ ಹೊಗಬಾರದೆಂದು ಹಂಸಭಾವಿಗೆ ಹಿಂತಿರುಗಿದೆ. ಆ ದಿನಗಳಲ್ಲಿ ನೀರು ಹೊರುವಾಗೆಲ್ಲ, ಇನ್ನು ಹದಿನೈದು ಸಲ, ಇನ್ನು ಹತ್ತೇ ಸಲ ಎಂದು ಕಡಿಮೆ ಮಾಡುತ್ತ ಎಣಿಸಿದೆ. ಗಂಗಕ್ಕ ಕೇಳಿದಳು, "ಖರೇನ ಬ್ಯಾಳಿ ಹಂಗ ಬೆಂದವೇನ?" "ಬೆಣ್ಣಿ ಆದುವಕ್ಕ" ಅಂದೆ. ಅವಳು ಕೊಡ ಎತ್ತಿಕೊಂಡಳು.

ವಿಜಯದಶಮಿಗೆ ನೀಲವ್ವನ ಮನೆ ಹೊಕ್ಕೆವು. ಆಗ ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ಹಾಲು ಉಕ್ಕಿಸಿ, ಬಾವಿಯಿಂದ ನಾನೇ ನೀರು ಸೇದಿ, ಬೇಳೆ ಇಟ್ಟೆ. ಹೊತ್ತು ನೆತ್ತಿಗೆ ಬಂತು, ಬೇಳೆ ಪುಟಾಣಿ ಗುಂಡಿನ ಹಾಗೆ ನೀರಲ್ಲಿ ಆಡುತ್ತಿದ್ದವು. ಊಟಕ್ಕೆ ಬಂದ ಗಂಡ ಒಂದು ತುತ್ತು ಬಾಯಿಗೆ ಹಾಕಿದರು. ಕಟುಂ ಎಂದು ಸಪ್ಪಳವಾಯಿತು.

ನೀಲವ್ವನನ್ನು ಕರೆದೆ. "ಅವತ್ತ ಬೆಂದಿದ್ದುವಲ್ರಿ?"

ಅವಳು ಗಡಿಗೆಯಲ್ಲಿ ಇಣುಕಿ, ನನ್ನ ಮುಖ ನೋಡಿ, ಹಣೆ ಬಡಿದುಕೊಂಡಳು. "ಎವ್ವಾ, ಅವತ್ತ ನೀ ಮೊಗದದ್ದು ಮಳಿ ನೀರು! ಹೆಂಚಿನ ಮ್ಯಾಲಿಂದ ಬಿದ್ದ ನೀರು ಹಿಡದಿಟ್ಟಿದ್ನಿ. ಮಳಿಗಾಲದಾಗ ಯಾರರ ಈ ಸವುಳು ಬಾವಿ ಸೇದತಾರೇನ? ನಿಮ್ಮೂರಾಗ ಹಿಡಿಯಂಗಿಲ್ಲೇನ?"

ನಮ್ಮೂರಲ್ಲಿ ಹಿಡಿಯುವುದಿಲ್ಲ. ಹಂಸಭಾವಿಯಲ್ಲಿ ನೀರು ದೂರ, ಆದರೆ ಸಿಹಿ. ತಿಳವಳ್ಳಿಯಲ್ಲಂತೂ ಎಲ್ಲಿ ತೋಡಿದರೂ ಸಿಹಿ. ಸೂರಿನ ನೀರು ನಮಗೆ ಎಮ್ಮೆ ಮೈ ತೊಳೆಯುವ ನೀರು. ಅದನ್ನು ಹಿಡಿದು ಅಡುಗೆ ಮಾಡುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಹಂಡೆ ಸೂರಿನ ಕೆಳಗೇ ಇತ್ತು, ಅದರಲ್ಲಿ ಹನಿ ಬೀಳುತ್ತಲೇ ಇತ್ತು, ಎರಡು ಕಣ್ಣಿನಿಂದ ನೋಡಿದ್ದೆ. ನೀಲವ್ವನದು ತಪ್ಪಿಲ್ಲ. ಮಳೆಗಾಲದಲ್ಲಿ ನೀರಿನ ಪರೀಕ್ಷೆ ಮಾಡಿದ ಹುಚ್ಚಿ ನಾನು.

ದೀಪಾವಳಿಗೆ ಇಪ್ಪತ್ತು ದಿನ ಉಳಿದಿತ್ತು.

"ಸೋಡಾ ಹಾಕು. ಅವ್ವಗೇನು ಗೊತ್ತಾಗತೈತಿ?" ಅಂದರು ಗಂಡ. ಹಾಕಿದೆ. ಬೇಳೆ ಮೆತ್ತಗಾದವು, ಆದರೆ ಬಣ್ಣ ಹೋಗಿ ಸಬಕಾರದ ವಾಸನೆ ಬಂತು. ಅತ್ತೆಯ ಮೂಗಿಗೆ ಅದು ಬಸ್ ಸ್ಟ್ಯಾಂಡಿನಲ್ಲೇ ಹೊಡೆಯುತ್ತಿತ್ತು. ಅಲ್ಲದೆ, ಅತ್ತೆಯನ್ನು ಮೋಸ ಮಾಡಬಹುದು, ಹೊಟ್ಟೆಯನ್ನು ಮೋಸ ಮಾಡಲು ಬರುತ್ತದೆಯೇ? ನಾಳೆ ಬಸುರಿಯಾಗಿ ಆ ನೀರು ಕುಡಿಯುವವಳು ನಾನು.

ಅಳಲಿಲ್ಲ. ಖರೆ ಹೇಳಬೇಕೆಂದರೆ, ಮತ್ತೆ ಓಣಿ ತಿರುಗಬಹುದಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು. ಈ ಸಲ ಒಬ್ಬಳೇ. ಗಂಡ ಉಂಡು ಗಿರಣಿಗೆ ಹೋದ ಮೇಲೆ, ಉಡಿಯಲ್ಲಿ ಬೇಳೆ, ಕೈಯಲ್ಲಿ ಪುಟ್ಟ ಗಡಿಗೆ ಹಿಡಿದು ಹೊರಡುತ್ತಿದ್ದೆ. ಈಗ ಯಾರ ಹಂಡೆಯನ್ನೂ ನಂಬುತ್ತಿರಲಿಲ್ಲ. ಬಾವಿಗೆ ನಾನೇ ಕೊಡ ಬಿಟ್ಟು, ನಾನೇ ಸೇದಿ, ಅಲ್ಲೇ ಮೂರು ಕಲ್ಲು ಇಟ್ಟು ಬೇಯಿಸುವುದು. ಹತ್ತು ದಿನದಲ್ಲಿ ಊರಿನ ಬಾವಿಗಳೆಲ್ಲ ನನಗೆ ಗುರುತಾದವು. ಒಂದು ಬಾವಿಯಲ್ಲಿ ಅರ್ಧ ಬೇಯುತ್ತಿತ್ತು, ಒಂದರಲ್ಲಿ ಮೆತ್ತಗಾದರೂ ಒಡೆಯುತ್ತಿರಲಿಲ್ಲ. ಮಂದಿ ನಕ್ಕರು. ಇಬ್ಬರು ಹೆಂಗಸರು ತಮ್ಮ ಬಾವಿಯನ್ನೂ ನೋಡಿ ಹೇಳಬೇಕೆಂದು ಮನೆಗೇ ಬಂದು ಕರೆದರು.

ದೀಪಾವಳಿಗೆ ಎಂಟು ದಿನ ಇದ್ದಾಗ ಗಿರಣಿಯ ಹಿಂದಿನ ಒಂದು ಓಣಿಗೆ ಹೊಕ್ಕೆ. ಅದು ನವಾಬರ ಕಾಲದ ಹಳೆಯ ಗೋಡೆಗೆ ಹೋಗಿ ಮುಗಿಯುತ್ತದೆ. ಮುಸಲ್ಮಾನರ ಓಣಿ. ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬಾಕೆ ಕೂತು ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಹಿಂದೆ ಬಾವಿಯ ಗಡಗಡಿ ಗಾಲಿ ಕಾಣುತ್ತಿತ್ತು.

"ಅಕ್ಕಾ, ನಿಮ್ಮ ಬಾವಿ ನೀರು ಒಂದೀಟು ಸೇದಿಕೊಳ್ಳಲೇನು? ಬ್ಯಾಳಿ ಬೇಸಬೇಕು."

ಅವಳು ಕೈ ನಿಲ್ಲಿಸಿದಳು. "ನಮ್ಮ ಬಾವಿದಾ? ನೀವು ಕುಡೀತೀರೇನ?"

"ಮೊದಲ ಬೇಯಲಿ. ಕುಡಿಯೂದು ಆಮ್ಯಾಲಿನ ಮಾತು."

ಅವಳು ನಕ್ಕ ರಭಸಕ್ಕೆ ಎಲೆಯ ಕಟ್ಟು ತೊಡೆಯಿಂದ ಬಿತ್ತು. "ಯಾ ಅಲ್ಲಾ! ಉಡಿಯಾಗ ಬ್ಯಾಳಿ ಕಟಗೊಂಡು ಒಬ್ಬಾಕಿ ಓಣಿ ಓಣಿ ತಿರುಗಾಕತ್ತಾಳ ಅಂತ ಕೇಳಿದ್ನಿ. ಆ ಹುಚ್ಚಿ ನೀನಽ ಏನ? ಬಾ ಬಾ, ಸೇದು."

ಅವಳ ಹೆಸರು ಮಾಬೂಬಿ. ಬೇಳೆ ಇಟ್ಟು ಅವಳ ಜೊತೆ ಎಲೆ ಎಣಿಸುತ್ತ ಕೂತೆ. ಅವಳ ಕೈ ನನ್ನ ಕೈಗಿಂತ ಮೂರು ಪಟ್ಟು ಜೋರು. ನನಗೆ ಎರಡನೆಯ ಕಟ್ಟು ಮುಗಿದಿರಲಿಲ್ಲ, ವಾಸನೆ ಬಂತು. ಬೆಂದ ಬೇಳೆಯ ವಾಸನೆ ಬೇರೆ, ಕುದಿಯುವ ಬೇಳೆಯ ವಾಸನೆ ಬೇರೆ. ಮುಚ್ಚಳ ತೆಗೆದೆ. ಕಾಳು ಅರಳಿ ಒಡೆದು ನಿಂತಿದ್ದವು. ಮೇಲೆ ನೋಡಿದೆ, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಈ ಸಲ ಮೋಸವಿಲ್ಲ. ಆಗಲೇ ಕಿವಿಗೆ ಇನ್ನೊಂದು ಬಿತ್ತು. ಟುಕ್, ಟುಕ್, ಟುಕ್. ಗೋಡೆಯಾಚೆಯೇ ಗಿರಣಿ.

"ಮಾಬಕ್ಕ, ಈ ಓಣಿಯಾಗ ಮನಿ ಖಾಲಿ ಅದಾವೇನ?"

ಅವಳ ಮನೆಗೆ ಅಂಟಿಕೊಂಡೇ ಒಂದು ಮನೆ ಬೀಗ ಹಾಕಿತ್ತು. ಅವಳ ಮೈದುನನದು. ಅವನು ಯಲವಿಗಿ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತ ಅಲ್ಲೇ ಉಳಿದಿದ್ದ. ಎರಡೂ ಮನೆಗೆ ಹಿತ್ತಲು ಒಂದೇ, ಬಾವಿ ಒಂದೇ.

ಮರುದಿನ ಗಂಡನನ್ನು ಎಳೆದು ತಂದೆ. ಅವರು ಬಾಗಿಲಲ್ಲೇ ನಿಂತರು. "ಅವ್ವ ಏನಂದಾಳು?"

"ಅವ್ವಗ ನಾ ಹೇಳತೇನಿ."

"ನೀ ಹೇಳಿದ್ರ ಇನ್ನೂ ಕೆಡತೈತಿ."

ಅಷ್ಟರಲ್ಲಿ ಅವರ ಗೋಣು ವಾರೆಯಾಯಿತು. ನನಗೆ ಏನೂ ಬೇರೆ ಕೇಳಿಸಲಿಲ್ಲ. "ಪಟ್ಟಾ ಸಡಿಲಾತು" ಎಂದವರೇ ಓಡಿದರು. ನಾನು ಹತ್ತು ಎಣಿಸುವುದರೊಳಗೆ ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟುಕ್ ಟುಕ್ ಎಂದಿತು. ಅವರು ಬೆವರು ಒರೆಸುತ್ತ ಬಂದು, "ಮನಿ ಇದಽ" ಅಂದರು.

ಗಿರಣಿಯ ಕೈಗಾಡಿಯಲ್ಲಿ ಮೂರು ಸಲ ಹೊಡೆದು ಸಾಮಾನು ಸಾಗಿಸಿದೆವು. ನಮ್ಮ ಹಾಸಿಗೆ ಹೊದಿಕೆಯೆಲ್ಲ ಹಿಟ್ಟು. ನೀಲವ್ವ ಬೈದಳು, ಕಣ್ಣು ಒರೆಸಿಕೊಂಡಳು, ಒಂದು ಬುಟ್ಟಿ ಬೆರಣಿ ಕೊಟ್ಟಳು. "ನಿಮ್ಮತ್ತಿ ನೆಟ್ಟಗ ಇಲ್ಲಿಗೇ ಬರ್ತಾರ. ಏನಂತ ಹೇಳ್ಲಿ?" ಅಂದಳು.

"ಖರೇ ಹೇಳ್ರಿ. ಓಣಿ ಹೆಸರೂ ಹೇಳ್ರಿ" ಅಂದೆ.

ದೀಪಾವಳಿಯ ನೀರು ತುಂಬುವ ದಿನ ಅತ್ತೆ ಬಂದಳು. ಮಾಬಕ್ಕ ಮತ್ತು ನಾನು ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕುತ್ತಿದ್ದೆವು. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಅತ್ತೆ. ತಲೆಯ ಮೇಲೆ ಗಂಟು, ಕೈಯಲ್ಲಿ ಬಾಯಿಗೆ ಬಟ್ಟೆ ಬಿಗಿದ ತಂಬಿಗೆ.

"ಯಾರ ಬಾವಿ ಇದು?"

"ಇವರದ, ಮಾಬಕ್ಕಂದು."

ಮಾಬಕ್ಕ ಸೆರಗು ಹೊದ್ದು, "ಬರ್ರಿ ಅವ್ವಾರ, ಕುಂದರ್ರಿ" ಅಂದು ಸುಮ್ಮನೆ ತನ್ನ ಮನೆಗೆ ಹೋದಳು. ಜಾಣೆ.

ನೀರು ಕೊಟ್ಟರೆ ಅತ್ತೆ ಮುಟ್ಟಲಿಲ್ಲ. ತಂಬಿಗೆಯ ಬಟ್ಟೆ ಬಿಚ್ಚಿ, ತಾನು ತಂದ ಹಂಸಭಾವಿಯ ನೀರನ್ನೇ ಒಂದು ಗುಟುಕು ಕುಡಿದು ಮತ್ತೆ ಕಟ್ಟಿಟ್ಟಳು. ಮಗನ ಜೊತೆ ಮಾತಿಲ್ಲ, ನನ್ನ ಜೊತೆಯಂತೂ ಇಲ್ಲವೇ ಇಲ್ಲ. ತನ್ನ ಗಂಟಿನಲ್ಲಿದ್ದ ರೊಟ್ಟಿ ತಿಂದಳು. ನಾನೂ ಮಾತಾಡಲಿಲ್ಲ. ಮಾತಾಡಬೇಕಾದದ್ದು ಬೇಳೆ.

ಹೋಳಿಗೆಯ ದಿನ ಮುಂಜಾನೆ ಕಡಲೆಬೇಳೆ ಇಟ್ಟೆ. ಅತ್ತೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ನಾನು ಸೋಡಾ ಹಾಕುತ್ತೇನೋ ಎಂದು ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಬೇಕೆಂತಲೇ ಎರಡೂ ಕೈ ಮೊಳಕಾಲ ಮೇಲೆ ಇಟ್ಟುಕೊಂಡು ಕೂತೆ. ನೀರು ಉಕ್ಕಿತು, ನೊರೆ ಬಂತು, ಇಳಿಯಿತು. ಅತ್ತೆ ಸೌಟಿನಿಂದ ಒಂದು ಕಾಳು ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಸುಕಿದಳು. ಹಿಟ್ಟಾಯಿತು. ಇನ್ನೊಂದು ಎತ್ತಿದಳು. ಅದೂ ಹಿಟ್ಟು. ತಳದಿಂದ ಕೆದಕಿ ಇನ್ನೊಂದು. ನನಗೆ ಎದ್ದು ಕುಣಿಯಬೇಕು ಅನಿಸಿತು. ತುಟಿ ಕಚ್ಚಿಕೊಂಡೆ.

ಅತ್ತೆ ಸೌಟು ಕೆಳಗಿಟ್ಟಳು. ಎದ್ದು ಅಡುಗೆ ಮನೆಯ ಹೊಸ್ತಿಲಿನಿಂದ ಬಾವಿಯವರೆಗೆ ನಡೆದಳು. ತುಟಿ ಅಲ್ಲಾಡುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದಳು. ಹನ್ನೆರಡು. ಹಿಂದಕ್ಕೆ ಬಂದಳು, ಹನ್ನೆರಡೇ.

"ಗಂಗಿ ಎಷ್ಟು ನಡೀತಿದ್ಲು?" ಅಂದಳು, ಯಾರಿಗೋ ಅಂದಹಾಗೆ.

"ಅದನ್ನ ಊರಿಗೆ ಹೋಗಿ ನೀವಽ ಎಣಸ್ರಿ ಅತ್ತಿ" ಅಂದೆ. ಅನ್ನಬಾರದಿತ್ತೋ ಏನೋ. ಅಂದುಬಿಟ್ಟೆ.

ಹೋಳಿಗೆ ಉಂಡಳು. ಮೊದಲನೆಯದನ್ನು ಮೆಲ್ಲಗೆ, ನಾಲಿಗೆಯಿಂದ ಹುಡುಕುತ್ತ ಹುಡುಕುತ್ತ. ಎರಡನೆಯದನ್ನು ಲಗು. ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ಮಾಬಕ್ಕನ ಮನೆಗೆ ಎರಡು ಕೊಟ್ಟು ಬಾ ಅಂದವಳೂ ಅವಳೇ. "ನೀರು ಅವರದು, ಸುಮ್ಮನ ತಿನಬಾರದು" ಅಂದಳು.

ಹೊರಡುವ ದಿನ ಬಾವಿಗೆ ಹೋದಳು. ತಂಬಿಗೆಯಲ್ಲಿ ಉಳಿದ ಹಂಸಭಾವಿಯ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದಳು. ಮಾಬಕ್ಕನ ಹಗ್ಗವನ್ನು ಎಳೆದೆಳೆದು ನೋಡಿ, ಒಂದು ಕೊಡ ಸೇದಿ, ತಂಬಿಗೆ ತುಂಬಿ ಬಟ್ಟೆ ಬಿಗಿದಳು. ಬಸ್ಸಿನಲ್ಲಿ ಕುಡಿಯಲು.

"ಹಗ್ಗ ಸವದು ಪಿಸಿದೈತಿ. ಬಾವಿ ಎಷ್ಟು ಮಾರು?"

ಎರಡು ಕೈ ಅಗಲಿಸಿದರೆ ಒಂದು ಮಾರು. ನಾನು ಅಳೆದೇ ಇದ್ದೆ. "ಆರು ಮಾರು ಅತ್ತಿ."

"ಹೂಂ" ಅಂದು ಬಸ್ಸು ಹತ್ತಿದಳು.

ಸಂಕ್ರಮಣದ ಹೊತ್ತಿಗೆ ಬಸ್ಸಿನಲ್ಲಿ ಒಬ್ಬರ ಕೈಲಿ ಹೊಸ ಹಗ್ಗ ಕಳಿಸಿದಳು. ಪುಂಡಿ ನಾರಿನದು. ಭಾವನ ಕೈಲಿ ಹೊಸೆಸಿದ್ದಂತೆ. ಗಂಗಕ್ಕ ಎದುರಿಗೆ ಕೂತು ಎಳೆ ಹಿಡಿದಿದ್ದಳಂತೆ. ಹಿತ್ತಲಲ್ಲಿ ಚಾಚಿ ಅಳೆದೆ. ಹತ್ತು ಮಾರು. ನಾಲ್ಕು ಮಾರು ದಂಡ. ಮುದುಕಿಗೆ ಕಿವಿ ಮಂದವಾಯಿತೆಂದು ನಾನೂ ಮಾಬಕ್ಕನೂ ನಕ್ಕೆವು. ಆ ಮನುಷ್ಯ ಹಿಂತಿರುಗುವಾಗ, ಹಗ್ಗ ನಾಲ್ಕು ಮಾರು ಹೆಚ್ಚಾಗಿದೆಯೆಂದು ಅತ್ತೆಗೆ ಹೇಳಿ ಅಂದೆ. ಹದಿನೈದು ದಿನಕ್ಕೆ ಅವನ ಬಾಯಲ್ಲೇ ಉತ್ತರ ಬಂತು.

"ಹೆಚ್ಚಾಗಿಲ್ಲ ಅಂತ ಹೇಳು."

ಅಷ್ಟೇ ಹೇಳಿದ್ದಳು. ನನಗೆ ಆಗ ತಿಳಿಯಲಿಲ್ಲ. ಆರು ಮಾರು ಕತ್ತರಿಸಿ ಬಾವಿಗೆ ಕಟ್ಟಿದೆ, ಉಳಿದದ್ದನ್ನು ಸುತ್ತಿ ಗೂಟಕ್ಕೆ ತೂಗಿಬಿಟ್ಟೆ. ಆ ಹಗ್ಗದಲ್ಲೇ ಮಾಬಕ್ಕ ಸೇದಿದಳು, ನಾನು ಸೇದಿದೆ, ಆಮೇಲೆ ಹೊಟ್ಟೆ ಮುಂದೆ ಬಂದಾಗ ನನ್ನ ಕೈಯಿಂದ ಅದನ್ನು ಕಸಿದುಕೊಂಡು ನನ್ನ ಕೊಡವನ್ನೂ ಅವಳೇ ಸೇದಿದಳು.

ಹೆರಿಗೆ ತಿಳವಳ್ಳಿಯಲ್ಲಾಯಿತು. ಕೂಸನ್ನು ಕರೆದುಕೊಂಡು ಸವಣೂರಿಗೆ ಬಂದ ದಿನ ನಮ್ಮ ಮನೆಯವರು ತೊಟ್ಟಿಲು ತಂದಿಟ್ಟಿದ್ದರು. ಕಟ್ಟಲು ಹಗ್ಗವಿರಲಿಲ್ಲ. ಗೂಟದ ಮೇಲಿನ ಸುರುಳಿ ಬಿಚ್ಚಿ ನಡುವೆ ಕತ್ತರಿಸಿದರು. ಎರಡೆರಡು ಮಾರಿನ ಎರಡು ತುಂಡು. ತೊಲೆಯ ಮೇಲಿಂದ ಇಳಿಬಿಟ್ಟು ಗಂಟು ಹಾಕಿದರೆ ತೊಟ್ಟಿಲು ಸರಿಯಾಗಿ ನನ್ನ ಮೊಳಕಾಲಿನ ಮಟ್ಟಕ್ಕೆ ನಿಂತಿತು. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ.